ಬಿಸಿಲಿಗೆ ಕೂಡುವ ಹಸಿರು

ಖಾನಾಪುರದಲ್ಲಿ ನಮ್ಮ ಬಾಜೂ ಮನೆಯ ಕಾಕೂ, ಜಂಪರ್ ಬಟ್ಟೆ ಹೋಗಲಿ, ಬದನೆಕಾಯಿಯನ್ನೂ ಅಂಗಡಿಯಿಂದ ರಸ್ತೆಗೆ ತಂದು ನೋಡಿಯೇ ಕೊಳ್ಳುತ್ತಿದ್ದರು. "ಒಳಗಿನ ಬೆಳಕು ಖೊಟ್ಟಿ ಇರ್ತೈತ್ರೀ, ಬಿಸಲಾಗ ನೋಡಬೇಕು" ಎನ್ನುತ್ತ ಕಣ್ಣು ಕಿರಿದು ಮಾಡುವರು.

ಒಮ್ಮೆ ಅವರ ನಡುಮನೆಯ ಗೋಡೆಗೆ ಹಚ್ಚುತ್ತಿದ್ದ ಹಸಿರು ಬಣ್ಣ ಅರ್ಧಕ್ಕೇ ತೀರಿತು. ಆ ಕಂಪನಿಯ ಡಬ್ಬಿ ಎಲ್ಲೂ ಸಿಗಲಿಲ್ಲ. ಕಾಕೂ ಗೋಡೆಯದೊಂದು ಚಕ್ಕೆ ಕಿತ್ತುಕೊಂಡು ಬೆಳಗಾವಿಗೆ ಹೋಗಿ, ಬೇರೆ ಕಂಪನಿಯದರಲ್ಲಿ ಅದೇ ಹಸಿರು ಕಲಸಿಸಿಕೊಂಡು ಬಂದರು. ಅಂಗಡಿಯ ಹೊರಗೆ, ಬಿಸಿಲಲ್ಲಿ, ಎರಡೂ ಅವಳಿಜವಳಿಯಂತಿದ್ದವಂತೆ. ಮನೆಯೊಳಗೆ ಹಚ್ಚಿದ ಮೇಲೆ ಎಡಕ್ಕೆ ಪ್ಯಾರಲಕಾಯಿಯ ಹಸಿರು, ಬಲಕ್ಕೆ ಹೆಸರುಕಾಳಿನ ಹಸಿರು.

"ಪೂರಾ ಗ್ವಾಡಿ ಮತ್ತ ಹೊಡಿಯೂಣ್ರೀ" ಎಂದ ಪೇಂಟರ್.

"ಗ್ವಾಡಿದೇನ ತಪ್ಪೈತೋ? ತಪ್ಪು ಬೆಳಕಿಂದು" ಎನ್ನುತ್ತ ಕಾಕೂ, ಮಾಡಿನ ಹಂಚೊಂದನ್ನು ತೆಗೆಸಿ ಅಲ್ಲಿ ಗಾಜಿನ ಹಂಚು ಕೂಡಿಸಿದರು.

ಮುಂದೆ ಕಾಕೂ ಅವರ ಮಗಳನ್ನು ನೋಡಲು ದೇಸೂರಿನಿಂದ ಗಂಡಿನ ಕಡೆಯವರು ಹುಡುಗನನ್ನೂ ಕರೆದುಕೊಂಡು ಮುಂಜಾನೆಯೇ ಬಂದರು. ನಾನೂ ಇದ್ದೆ. ಅವಲಕ್ಕಿ, ಚಹಾ ಮುಗಿದವು. ಹುಡುಗನ ಅಪ್ಪ ಆ ಗೋಡೆಯನ್ನೇ ನೋಡುತ್ತ, "ಹುಡುಗೀನ ಕರೀರಲಾ" ಎಂದರು.

"ಕುಂದರ್ರಿ, ಬಿಸಲ ಬರ್ಲಿ" ಎಂದರು ಕಾಕೂ.

ಎಲ್ಲರೂ ಕೂತೆವು. ಬಿಸಿಲೇರಿದಂತೆ ಗಾಜಿನ ಹಂಚಿನಿಂದ ತಾಟಿನಷ್ಟು ಬೆಳಕು ಗೋಡೆಯ ಮೇಲೆ ಜಾರುತ್ತ ಬಂದು, ಎರಡು ಹಸಿರು ಸೇರುವಲ್ಲಿ ನಿಂತಿತು. ಆ ತಾಟಿನೊಳಗೆ ನಡುವಿನ ಗೆರೆ ಮಾಯ!

ಹುಡುಗನ ಅಪ್ಪ ಎದ್ದೇ ನಿಂತರು. "ಎರಡೂ ಹಸಿರು ಖರೇ ಕೂಡ್ಯಾವ್ರೀ!"

ಕಾಕೂ ಕಣ್ಣು ಕಿರಿದು ಮಾಡಿದರು.

"ಹಂಗಾರ ನಿಮ್ಮ ಹುಡುಗನ್ನೂ ಒಂಚೂರು ಈ ಬಿಸಲಾಗ ನಿಂದರಸ್ರಿ, ನೋಡೂಣು."