ಬಸವಣಪ್ಪನ ತೊಗರಿ ಪರೀಕ್ಷೆ

ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಬಸವಣಪ್ಪ ಅಂದರೆ ತೊಗರಿ, ತೊಗರಿ ಅಂದರೆ ಬಸವಣಪ್ಪ. ತೇವ ಅಳೆಯುವ ಮಷೀನು ರೈತರ ಮಾಲು ಮಾರಿಸಿಕೊಡುವ ಅವನ ಅಡತ್ ಅಂಗಡಿಯಲ್ಲಿ ಇರಲಿಲ್ಲವೆಂದಲ್ಲ. ಆದರೆ ನಾಲ್ಕು ಕಾಳು ಬಾಯಿಗೆ ಹಾಕಿ ಕಟಕ್ಕನೆ ಕಡಿದು, "ಒಣಗೇದ" ಎಂದೋ "ಹಸಿ ಅದ" ಎಂದೋ ಅವನು ಹೇಳುವ ತನಕ ಹಳೆಯ ಗಿರಾಕಿಗಳಿಗೆ ಸಮಾಧಾನವಿಲ್ಲ. ಕಡಿದು ಕಡಿದೋ, ವಯಸ್ಸಿಗೋ, ಹಲ್ಲೆಲ್ಲ ಅಲುಗಾಡತೊಡಗಿದವು. ಸುಗ್ಗಿಗೆ ಮುಂಚೆ ಬಸವಕಲ್ಯಾಣಕ್ಕೆ ಹೋಗಿ ಅಷ್ಟನ್ನೂ ಕೀಳಿಸಿಕೊಂಡ.

ಹಲ್ಲಿನ ಡಾಕ್ಟರು ವಿಜಯಶ್ರೀ ಗುಳಿಗಳಿಗೆ ಎಲುಬಿನ ಪುಡಿಯಂಥದ್ದನ್ನು ತುಂಬಿ ಹೊಲಿಗೆ ಹಾಕಿದಳು. "ಕಾಕಾ, ಗುಳಿ ಮಾಯಬೇಕು, ಒಳಗ ಎಲುಬು ಕೂಡಬೇಕು. ಇಲ್ಲಾಂದ್ರ ದವಡಿ ಸವದು ಹೋಗಿ ನಾಳಿ ಹಲ್ಲಿನ ಸೆಟ್ಟು ನಿಲ್ಲಂಗಿಲ್ಲ. ನಾ ಹೇಳೋತನಕ ಗಟ್ಟಿದು ಬಾಯಾಗ ಇಡಬ್ಯಾಡ್ರಿ."

ಹೂಂ ಅಂದವನು ಬಸವಣಪ್ಪ. ಕಾಯುವ ಕೆಲಸ ಬಿದ್ದದ್ದು ಹೆಂಡತಿ ಲಲಿತಾಬಾಯಿಗೆ. ಮೆತ್ತನೆ ಅನ್ನ, ಉಪ್ಪುನೀರು, ಎಲ್ಲ ಕೈಗೇ ಕೊಟ್ಟಳು. ಆದರೂ ಒಂದು ಮಧ್ಯಾಹ್ನ ಅಂಗಡಿಯಿಂದ ಬಂದವನ ಟವೆಲ್ಲಿನ ಮೇಲೆ ರಕ್ತ.

"ಏನ್ ತಿಂದ್ರಿ?"

"ತಿಂದಿಲ್ಲ. ದುಬಲಗುಂಡಿ ಮಾರುತಿ ತೊಗರಿ ತಂದಿದ್ದ. ವಸಡಿನಾಗ ಹಿಂಗ ಒತ್ತಿ ನೋಡೀನಿ, ಅಷ್ಟ."

"ಅಯ್ಯ, ನಿಮ್ಮ ವಸಡಿಗೆ ಬೆಂಕಿ ಹಚ್ಚ! ಮಷೀನ್ ಏನು ಪೂಜಿಗೆ ಇಟ್ಟೀರೇನು?"

"ಅದಕ್ಕೇನ್ ತಿಳೀತದ ತೊಗರಿ!"

ಹೊಲಿಗೆ ಬಿಚ್ಚಿತ್ತು. ಮತ್ತೆ ಬಸ್ಸು, ಮತ್ತೆ ಬಸವಕಲ್ಯಾಣ, ಮತ್ತೆ ಹೊಲಿಗೆ. "ಇನ್ನೊಮ್ಮೆ ಹಿಂಗಾದ್ರ ಒಳಗಿನ ಪುಡಿ ಹೊರಗ ಬರ್ತದ್ರಿ. ಆಮ್ಯಾಲ ಸೆಟ್ಟು ಬಾಯಾಗ ಕುಣೀತದ," ಅಂದಳು ವಿಜಯಶ್ರೀ. ಹೇಳಿದ್ದು ಅವನಿಗೆ, ಕಣ್ಣು ಬಿಟ್ಟದ್ದು ಲಲಿತಾಬಾಯಿಯ ಕಡೆಗೆ. ಕಾಳು ಒತ್ತಿದವನು ಇವನು, ಬೈಸಿಕೊಳ್ಳುವವಳು ನಾನು! ಲಲಿತಾಬಾಯಿಗೆ ಮೈಯೆಲ್ಲ ಉರಿಯಿತು.

ಮರುದಿನ ಮನೆಗೆ ಬೀಗ ಜಡಿದು ತಾನೇ ಅಂಗಡಿಯ ಗಾದಿ ಮೇಲೆ ಕೂತಳು. ಮಾರುತಿ ಉಳಿದ ಚೀಲ ತಂದ. ಗಂಡನ ಕೈ ಕಾಳಿಗೆ ಹೋಗುವ ಮೊದಲೇ ನಾಲ್ಕನ್ನು ತನ್ನ ಬಾಯಿಗೆ ಹಾಕಿಕೊಂಡಳು.

"ಹ್ಯಾಂಗ ಅಂತು?" ಬಸವಣಪ್ಪ ಅವಳ ಗದ್ದಕ್ಕೇ ಕಿವಿ ತಂದ.

"ಕಟ್ ಅಂತು."

"ಕಟ್ ಬ್ಯಾರೆ, ಕಟಕ್ ಬ್ಯಾರೆ! ಆ ಕಡೆ ದವಡಿಲೆ ಕಡಿ. ಸಾವಕಾಶ!"

ಮಾರುತಿ ನಕ್ಕ. "ಸಾವಕಾರ್ರ, ವೈನಿ ಹಲ್ಲೂ ಕೀಳಸ್ತೀರೇನ್ರಿ?"

"ಬಾಯಿ ನಂದು, ಮಾತೂ ನಂದು. ಒಣಗೇದ, ತೂಗಸ್ರಿ," ಎಂದು ಲಲಿತಾಬಾಯಿ ಗಂಡನತ್ತ ತಿರುಗಿದಳು. "ನೀವು ತುಟಿ ಮುಚ್ಚಿ ಕೂಡ್ರಿ."

ಸುಗ್ಗಿ ಮುಗಿಯುವವರೆಗೂ ಅವಳೇ ಕಡಿದಳು, ಅವನು ತಪ್ಪು ಹಿಡಿದ. ತಿಂಗಳುಗಳು ಕಳೆದ ಮೇಲೆ ವಿಜಯಶ್ರೀ ವಸಡು ಒತ್ತಿ ನೋಡಿ, "ಎಲುಬು ಚಲೋ ಕೂಡೇದ ಕಾಕಾ, ಸೆಟ್ಟಿಗೆ ಅಳತಿ ತಗೋತೀನಿ," ಅಂದಳು.

"ಅದರಾಗ ತೊಗರಿ ಕಡೀಬಹುದೇನ್ರಿ?"

ಲಲಿತಾಬಾಯಿ ಕೈಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೇಬಿಟ್ಟಳು.