ಗೂಡ್ಸ್ ಸಾಹೇಬರು
ಲಾರಿಗೆ ಒಲಿದ ವ್ಯಾಪಾರಿಗಳನ್ನು ಮತ್ತೆ ರೈಲಿಗೆ ಒಲಿಸುವುದು ನಮ್ಮ ಗೂಡ್ಸ್ ಸಾಹೇಬರ ಕೆಲಸ. ಅದಕ್ಕೂ ರೈಲಿನಲ್ಲೇ ಬರುವುದರಿಂದ ಅವರು ತಲುಪುವಷ್ಟರಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅಪ್ಪಿತಪ್ಪಿ ಸಿಕ್ಕ ಸಿಮೆಂಟ್ ವ್ಯಾಪಾರಿ, "ನಿಮ್ಮ ವ್ಯಾಗನ್ನಲ್ಲಿ ಕೂತೂ ಕೂತೂ ಮೂಟೆಯೆಲ್ಲ ಕಲ್ಲಾಯ್ತಲ್ಲ ಸ್ವಾಮಿ" ಎಂದರೆ, "ಗಟ್ಟಿ ಮಾಲು ಅಂತ ಖಾತ್ರಿ ಆಯ್ತಲ್ಲ!" ಎನ್ನುತ್ತಾರೆ. ಸಿಗ್ನಲ್ ಸಿಗದೆ ನಿಂತ ಗಾಡಿಯನ್ನು ಅವರು 'ವಿಶ್ರಾಂತಿಯಲ್ಲಿದೆ' ಎನ್ನುವರೇ ಹೊರತು ತಡವಾಗಿದೆ ಎನ್ನುವವರಲ್ಲ. ಲಾರಿ ಕಂಡರೆ ಮುಖ ತಿರುಗಿಸುವ ವ್ರತ ಬೇರೆ. ಮೊನ್ನೆ ಅದೇ ಸಿಮೆಂಟ್ ವ್ಯಾಪಾರಿಯ ಅಂಗಡಿಯಲ್ಲಿ ಕೂತಿದ್ದಾಗ ಅವರ ಅಕ್ಕನ ಫೋನು ಬಂತು: "ಅಮ್ಮ ನಿನ್ನೇ ಕೇಳ್ತಿದಾಳೆ ಕಣೋ, ಉಳಿಯೋ ಹಾಗಿಲ್ಲ, ಬೇಗ ಬಾ." ವ್ಯಾಪಾರಿ, "ನಮ್ಮ ಲಾರಿ ನಿಮ್ಮೂರ ಕಡೆಗೇ ಹೊರಟಿದೆ, ಹತ್ತಿ" ಎಂದ. ಸಾಹೇಬರು ಹತ್ತಿದರು. ಮನೆ ಮುಟ್ಟಿದಾಗ ಅಮ್ಮ ಕೈ ಹಿಡಿದು, "ರೈಲಲ್ಲೇ ಬಂದ್ಯೇನಪ್ಪಾ?" ಎಂದರು. "ಹೂಂ ಅಮ್ಮ," ಎಂದರು ಸಾಹೇಬರು, "ಈ ಸಲ ಸರಿಯಾದ ಟೈಮಿಗೇ ಬಂತು."