ರಿಫಾಳ ಹಾಡಿಗೆ ಎರಡು ಮಾತು

ಮಸ್ಕತ್ತಿನ ದಾರ್ಸೈಟಿನ ಫ್ಲ್ಯಾಟಿನಲ್ಲಿ ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಸರಸ್ವತಮ್ಮನವರಿಗೆ ಜೊತೆಯಾಗಿ ಉಳಿದದ್ದು ಗೋಡೆಯಾಚೆಯ ಒಂದು ಸದ್ದು. ಧಡ್, ಧಡ ಧಡ್. ಬೆಳಗಿನಿಂದ ಅದೇ. ಸೊಪ್ಪು ಬಿಡಿಸಿದ್ದಾಯಿತು, ಸಾರು ಕುದಿದದ್ದಾಯಿತು, ಸದ್ದು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಮಧ್ಯಾಹ್ನ ಬಾಗಿಲು ಬಡಿದವಳು ಆ ಸದ್ದಿನ ಒಡತಿಯೇ. ಮೂವತ್ತರ ಆಸುಪಾಸಿನ ಹೆಣ್ಣು, ತಲೆಗೆ ನೀಲಿ ಸ್ಕಾರ್ಫು, ಕೊರಳಲ್ಲಿ ಹೆಡ್‌ಫೋನು.

“ನಾನು ರಿಫಾ, ಪಕ್ಕದ ಮನೆ. ಮೆಡಿಕಲ್ ಶಾಪಲ್ಲಿ ಕೆಲಸ, ಇವತ್ತು ರಜೆ. ಶಬ್ದದಿಂದ ತೊಂದ್ರೆ ಆಯ್ತಾ ಅಜ್ಜಿ?”

“ತೊಂದ್ರೆ ಏನಿಲ್ಲ ಕಣಮ್ಮ. ಬೆಳಗ್ಗಿಂದ ಅಲ್ಲೇ ನಿಂತಿದೆಯಲ್ಲ, ಯಂತ್ರ ಏನಾದ್ರೂ ಸಿಕ್ಹಾಕ್ಕೊಂಡಿದ್ಯಾ ಅಂತ ಯೋಚನೆ ಮಾಡ್ತಿದ್ದೆ.”

ರಿಫಾ ಗೊಳ್ಳೆಂದು ನಕ್ಕಳು. “ಸಿಕ್ಕಿಕೊಂಡದ್ದು ನಾನು ಅಜ್ಜಿ! ಎರಡನೇ ಪೆಟ್ಟು ಕೂತ್ಕೊಳ್ಳುದೇ ಇಲ್ಲ ಮಾರಾಯ್ರೆ. ಬನ್ನಿ, ನೀವೇ ನೋಡಿ.”

ಅವಳ ಕಂಪ್ಯೂಟರಿನ ಪರದೆಯ ತುಂಬ ಬಣ್ಣಬಣ್ಣದ ಚೂರುಗಳು. ಒಂದೊಂದು ಚೂರೂ ಒಂದೊಂದು ಸದ್ದಂತೆ. ರಿಫಾ ಒಂದನ್ನು ಕೂದಲೆಳೆಯಷ್ಟು ಸರಿಸುವಳು, ಕೇಳುವಳು, ತಲೆಯಾಡಿಸುವಳು, ಮತ್ತೆ ಸರಿಸುವಳು. ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವವಳ ತಾಳ್ಮೆ ಅದು. ಮೂರನೇ ಕ್ಲಾಸಿಗೆ ಓದು ಬಿಟ್ಟು, ಭಜನೆಗೆ ತಾಳ ಹಾಕುವುದೊಂದನ್ನು ಕಲಿತಿದ್ದ ಸರಸ್ವತಮ್ಮನವರು ಸಂಜೆಯವರೆಗೂ ಕುರ್ಚಿ ಬಿಟ್ಟೇಳಲಿಲ್ಲ.

“ಇಷ್ಟೊಂದು ವಾದ್ಯ ಎಲ್ಲಿಂದ ತಂದೆ?”

“ಎಲ್ಲ ಒಂದೇ ಶಟರು ಅಜ್ಜಿ. ನಮ್ಮ ಬಾಪನ ಅಂಗಡಿದು.”

ಅವಳ ಅಪ್ಪ ಹಾಜಬ್ಬನವರಿಗೆ ಮಸ್ಕತ್ತಿನಾಚೆಯ ಬರ್ಕಾದಲ್ಲಿ ನಲ್ಲಿ-ಪೈಪುಗಳ ಬಾಡಿಗೆ ಅಂಗಡಿ ಇತ್ತು. ವಯಸ್ಸಾಗಿ, ಅಂಗಡಿ ಬಿಟ್ಟುಕೊಟ್ಟು ಬಂಟ್ವಾಳಕ್ಕೆ ಹೊರಟ ದಿನ ಅವರು ಕೊನೆಯ ಸಲ ಶಟರು ಎಳೆದರು. ಮಗಳು ಅದನ್ನು ಫೋನಿನಲ್ಲಿ ಹಿಡಿದಿಟ್ಟಳು. ಆ ಒಂದು ಸದ್ದನ್ನೇ ಕತ್ತರಿಸಿ, ಹಿಗ್ಗಿಸಿ, ಬೀಗದ ಟಣತ್ಕಾರವನ್ನು ಮದ್ದಳೆ ಮಾಡಿದ್ದಳು, ಕಬ್ಬಿಣದ ಕಿರುಗುಟ್ಟುವಿಕೆಯನ್ನು ಶ್ರುತಿ ಮಾಡಿದ್ದಳು. ಮೇಲೆ ಅವಳದೇ ಮಾತು. ಹಾಡಿದ್ದಲ್ಲ, ಉಸಿರು ಬಿಡದೆ ಒಂದೇ ಓಟದಲ್ಲಿ ಆಡಿದ್ದು. ಹಿಪ್-ಹಾಪ್ ಎಂದು ಅದಕ್ಕೆ ಹೆಸರಂತೆ.

‘ಬಾಗಿಲು ನಿಂದಲ್ಲ, ಬೀಗ ನಿಂದು ಬಾಪ,
ಬೀದಿ ನಿಂದಲ್ಲ, ಬೆವರು ನಿಂದು ಬಾಪ...’

ತುಕ್ಕು ಹಿಡಿದ ತಗಡೊಂದು ಮನುಷ್ಯನ ಬದುಕು ಹೇಳುವುದನ್ನು ಸರಸ್ವತಮ್ಮನವರು ಕಂಡವರೇ ಅಲ್ಲ.

ಅಳಿಯ ಬಾಲಸುಬ್ರಹ್ಮಣ್ಯನ ಮನೆಯಲ್ಲಿ ತಿಂಗಳಿಗೊಮ್ಮೆ ಸಂಗೀತಕೂಟ. ಅಲ್ಲೊಂದು ಪದ್ಧತಿ ಇತ್ತು. ಯಾರು ಹಾಡಿದರೂ ಕೂಟದ ಹಿರಿಯೆ ಪದ್ಮಮ್ಮನವರು, ಪಾಠ ಹೇಳಿ ತಲೆ ನರೆತವರು, ‘ಎರಡು ಮಾತು’ ಹೇಳಬೇಕು. ಒಂದು ಒಪ್ಪು, ಒಂದು ತಪ್ಪು. ಇದನ್ನು ಕೇಳಿದ್ದೇ ರಿಫಾ ಸರಸ್ವತಮ್ಮನವರ ಕೈ ಹಿಡಿದುಕೊಂಡಳು.

“ಚಪ್ಪಾಳೆ ಫೋನಲ್ಲಿ ಬೇಕಾದಷ್ಟು ಸಿಗ್ತದೆ ಅಜ್ಜಿ. ನನಗೆ ಆ ಎರಡು ಮಾತು ಬೇಕು. ಇದೂ ಒಂದು ಹಾಡು ಅಂತ ಕೂತು ಕೇಳಿ, ಯಾರಾದ್ರೂ ಒಬ್ರು ತಪ್ಪು ಹುಡುಕ್ಲಿ.”

ಅಳಿಯ ಒಪ್ಪಬೇಕಲ್ಲ! “ಬಟನ್ ಒತ್ತೋದೇ ಸಂಗೀತ ಅಂದ್ರೆ ನಮ್ಮನೆ ಮಿಕ್ಸಿನೂ ವಿದುಷಿನೇ ಅತ್ತೆ.”

“ಅದೇ ಬಟನ್ ನಾನೊತ್ತಿದ್ರೆ ಚಟ್ನಿ, ನೀವೊತ್ತಿದ್ರೆ ಗೋಡೆಗೆಲ್ಲ ಸುಣ್ಣಬಣ್ಣ. ಒತ್ತೋರು ಯಾರು ಅನ್ನೋದೂ ಲೆಕ್ಕಕ್ಕೆ ಬರುತ್ತಪ್ಪ.”

ಮಗಳು ಅಡುಗೆಮನೆಯಲ್ಲಿ ಕಿಸಕ್ಕೆಂದಳು. ಅಳಿಯನೂ ನಕ್ಕು ಸೋತ.

ಶುಕ್ರವಾರ ಸಂಜೆ ಕೂಟ ನೆರೆಯಿತು. ಹಾಡಿದ ಮಗುವಿಗೆ ಪದ್ಮಮ್ಮನವರು ಶ್ರುತಿ ತಿದ್ದಿದರು. ಚರಣದಲ್ಲಿ ಅವಸರ ಮಾಡಿದಿರೆಂದು ಬಾಲಸುಬ್ರಹ್ಮಣ್ಯನಿಗೂ ಹೇಳಿದರು. ಆಮೇಲೆ ರಿಫಾ ಸ್ಪೀಕರಿಗೆ ವೈರು ಸಿಕ್ಕಿಸಿದಳು. ಬರ್ಕಾದ ಶಟರು ದಾರ್ಸೈಟಿನ ಹಾಲ್‌ನಲ್ಲಿ ಗುಡುಗಿತು. ಯಾರೋ ಕಿವಿ ಮುಚ್ಚಿಕೊಂಡರು, ಯಾರೋ ಎತ್ತಿದ ಕಾಫಿ ಲೋಟ ಹಾಗೇ ಹಿಡಿದು ಕೂತರು. ಹಾಡು ಮುಗಿಯಿತು, ಚಪ್ಪಾಳೆಯೂ ಬಿತ್ತು.

“ಚೆನ್ನಾಗಿತ್ತಮ್ಮ, ಈಗಿನ ಕಾಲದ್ದು,” ಅಂದರು ಪದ್ಮಮ್ಮ. “ಮುಂದೆ ಯಾರು?”

ಅಷ್ಟೇ. ರಿಫಾ ಮುಖ ತಗ್ಗಿಸಿ ವೈರು ಸುತ್ತತೊಡಗಿದಳು.

ಕೂಟದಲ್ಲಿ ಒಮ್ಮೆಯೂ ಬಾಯಿ ತೆರೆಯದ ಸರಸ್ವತಮ್ಮನವರು ಗೋಡೆ ಹಿಡಿದು ಎದ್ದರು. “ಪದ್ಮಮ್ಮನೋರೆ, ಎರಡು ಮಾತು ಬಾಕಿ ಇದೆ.”

“ಇದರ ಲಕ್ಷಣ ನನಗೆ ಗೊತ್ತಿಲ್ಲವಲ್ಲ ತಾಯಿ.”

“ನನಗೂ ಗೊತ್ತಿಲ್ಲ. ಕಿವಿಗೆ ಬಿದ್ದದ್ದು ಹೇಳ್ತೀನಿ.” ರಿಫಾಳ ಕಡೆ ತಿರುಗಿದರು. “ಆ ಎರಡನೇ ಪೆಟ್ಟು ಒಂದು ಎಳೆ ತಡೆದು ಬೀಳುತ್ತೆ. ಹೊರೆ ಹೊತ್ತೋನ ಹೆಜ್ಜೆ ಹಂಗೇ ಬೀಳೋದು. ಅಲ್ಲಿ ನಿಮ್ಮಪ್ಪ ಕಂಡ್ರು ನನಗೆ. ಇದು ಒಪ್ಪು. ಕೊನೇಲಿ ಶಟರು ಇಳೀತಿರುವಾಗ ನೀನು ಮಾತಾಡ್ತಾನೇ ಇದ್ದೀಯ. ಅಲ್ಲಿ ಬಾಯ್ಮುಚ್ಕೋಬೇಕಿತ್ತು ಕಣೆ. ಹೇಳೋದನ್ನ ಶಟರೇ ಹೇಳ್ತಿತ್ತು.”

ಹುಡುಗಿ ಅತ್ತೇಬಿಡುತ್ತಾಳೆಂದು ಬಾಲಸುಬ್ರಹ್ಮಣ್ಯ ನೀರಿನ ಲೋಟ ಹಿಡಿದು ಬಂದ. ಅವಳು ಅಳಲಿಲ್ಲ. ಸುತ್ತಿದ ವೈರು ಬಿಚ್ಚಿ, ಅಲ್ಲೇ ನೆಲದ ಮೇಲೆ ಕೂತು ಕಂಪ್ಯೂಟರು ತೆರೆದಳು. “ಐದು ನಿಮಿಷ ಕೊಡಿ, ಪ್ಲೀಸ್!” ಕಣ್ಣು ಹೊಳೆಯುತ್ತಿತ್ತು.

ಎರಡನೇ ಸಲ ಕೊನೆಯಲ್ಲಿ ಮಾತು ನಿಂತಿತು. ಶಟರೊಂದೇ ಉದ್ದಕ್ಕೆ, ನಿಧಾನಕ್ಕೆ ಇಳಿಯಿತು. ಬೀಗ ಬಿತ್ತು. ಈ ಬಾರಿ ಒಬ್ಬರ ಕೈಯೂ ಚಪ್ಪಾಳೆಗೆ ಏಳಲಿಲ್ಲ. ಎದುರಿಗೆ ಯಾರೋ ದೊಡ್ಡವರು ಎದ್ದು ಹೋದಂತೆ ಎಲ್ಲರೂ ಬಾಗಿಲ ಕಡೆ ನೋಡಿದರು.

ಪದ್ಮಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಬೀಗದ ಸದ್ದು ಇನ್ನೂ ಸ್ವಲ್ಪ ದೂರದಿಂದ ಬರಲಿ ಮಗು,” ಅಂದರು. “ಅಷ್ಟು ಹತ್ತಿರ ಬೇಡ. ತಡ್ಕೊಳ್ಳೋಕೆ ಆಗಲ್ಲ.”

ಊರಲ್ಲಿ ಮಳೆಗಾಲ ಹಿಡಿದ ಹೊತ್ತಿಗೆ ರಿಫಾಳಿಗೆ ದೂರದ ಇಬ್ರಾ ಊರಿನ ಮೆಡಿಕಲ್ ಶಾಪಿಗೆ ವರ್ಗವಾಯಿತು. ಮಸ್ಕತ್ತಿನಲ್ಲಿ ಆಗ ಬೆಂಕಿಯಂಥ ಬಿಸಿಲು. ಹೊರಡುವ ದಿನ ಪೆಟ್ಟಿಗೆಗಳೆಲ್ಲ ಲಿಫ್ಟಿನಲ್ಲಿಳಿದವು. ಕೆಳಗಿನಿಂದ ಟ್ಯಾಕ್ಸಿಯವನು “ಯಲ್ಲಾ, ಯಲ್ಲಾ” ಎಂದು ಕೂಗಿ ಅವಸರಪಡಿಸುತ್ತಿದ್ದ. ಅವಳಿಗೆ ಅವಸರವಿರಲಿಲ್ಲ. ತನ್ನ ಹೆಡ್‌ಫೋನು ತೆಗೆದು, ಸರಸ್ವತಮ್ಮನವರ ಬೆಳ್ಳಿಗೂದಲು ಸರಿಸಿ ಕಿವಿಗೆ ಕೂರಿಸಿದಳು. ಯಾರೂ ಕೇಳದ ಹೊಸ ಹಾಡು. ಹಡಗಿನ ಸಿಳ್ಳಿತ್ತು, ರೊಟ್ಟಿ ತಟ್ಟುವ ಸದ್ದಿತ್ತು, ಅವೆರಡರ ನಡುವೆ ಒಂದು ಹೆಣ್ಣಿನ ದನಿಯಿತ್ತು. ಸರಸ್ವತಮ್ಮನವರು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ಕಣ್ಣು ತೆರೆದಾಗ ಎರಡೂ ತುಂಬಿದ್ದವು. ಏನೋ ಹೇಳಲು ಹೊರಟವರನ್ನು ರಿಫಾ ಕೈ ಅಡ್ಡ ಹಿಡಿದು ತಡೆದಳು.

“ಚೆಂದ ಉಂಟು ಅಂತ ಮಾತ್ರ ಹೇಳ್ಬೇಡಿ ಅಜ್ಜಿ. ಎಲ್ಲಿ ತಪ್ಪಿದೆ?”